ಬಿರುಕುಬಂಡೆಯ ಎಣ್ಣೆಯೂ ಹೊಗೆಗೊಳವೆಯ ವಾಯುವೂ

ನಾಸಿಕ ಜಿಲ್ಲೆಯ ಮನಮಾಡದ ಸಮೀಪದಲ್ಲಿರುವ ಪಾನೇವಾಡಿಯ ತೈಲ ದಾಸ್ತಾನುಗಳನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರುತ್ತಾರೆ. ಮುಂಬಯಿಯ ಶುದ್ಧೀಕರಣಾಗಾರದಿಂದ ಹೊರಟ ಪೆಟ್ರೋಲು ಡೀಸೆಲುಗಳು ಸಹ್ಯಾದ್ರಿಯನ್ನು ದಾಟಿ, ನೆಲದಡಿಯ ಕೊಳವೆಯಲ್ಲಿ ಹರಿದು ಇಲ್ಲಿಗೆ ಬಂದು ತಂಗುತ್ತವೆ. ಇಲ್ಲಿಂದ ಟ್ಯಾಂಕರುಗಳಲ್ಲಿ ಸುತ್ತಣ ಜಿಲ್ಲೆಗಳಿಗೆ ಸಾಗುತ್ತವೆ. 2024ರ ಜನವರಿಯ ಮೊದಲ ದಿನಗಳಲ್ಲಿ ಚಾಲಕರು ಮುಷ್ಕರ ಹೂಡಿ ಟ್ಯಾಂಕರುಗಳು ನಿಂತಾಗ, ನಾಸಿಕದಲ್ಲಿಯೂ ಛತ್ರಪತಿ ಸಂಭಾಜಿನಗರದಲ್ಲಿಯೂ ಪಂಪುಗಳ ಮುಂದೆ ಜನರು ಸಾಲುಗಟ್ಟಿ ನಿಂತರು. ಎರಡು ದಿನ ಎಣ್ಣೆ ಬಾರದಿದ್ದರೆ ನಮ್ಮ ಜೀವನಯಂತ್ರವೇ ಸ್ತಬ್ಧವಾಗುವುದೆಂಬುದು ಆಗ ಎಲ್ಲರಿಗೂ ವೇದ್ಯವಾಯಿತು. ಆದರೆ ಈ ಎಣ್ಣೆಯು ಮೂಲದಲ್ಲಿ ಎಲ್ಲಿಂದ ಬರುತ್ತದೆ, ನಮ್ಮದೇ ನೆಲದೊಳಗೆ ಎಷ್ಟು ಉಳಿದುಕೊಂಡಿದೆ, ಅದನ್ನು ಹೊರತೆಗೆಯುವ ಉಪಾಯವೇನು ಎಂದು ವಿಚಾರಿಸುವವರು ವಿರಳ. ಆ ವಿಚಾರವನ್ನು ಇಂದು ವಾಚಕರ ಮುಂದಿರಿಸಬೇಕೆಂದು ನಾವು ಬಗೆದಿದ್ದೇವೆ.

ನಮ್ಮ ದೇಶವು ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತ ಹೆಚ್ಚು ಪಾಲನ್ನು ಪರದೇಶಗಳಿಂದ ಕೊಳ್ಳುತ್ತಿದೆ. ಹಾಗೆಂದು ನಮ್ಮಲ್ಲಿ ಎಣ್ಣೆಯೇ ಇಲ್ಲವೆಂದಲ್ಲ. ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲಿಯೇ ಎಣ್ಣೆ ದೊರೆಯಿತು. 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗವು ಸ್ಥಾಪಿತವಾದ ಮೇಲೆ, 1960ರಲ್ಲಿ ಗುಜರಾತಿನ ಅಂಕಲೇಶ್ವರದಲ್ಲಿ ಎಣ್ಣೆ ಚಿಮ್ಮಿತು. ಅಲ್ಲಿಯ ಮೊದಲ ಬಾವಿಗೆ ಪಂಡಿತ ನೆಹರೂ ಅವರು 'ವಸುಧಾರಾ' ಎಂದು ಹೆಸರಿಟ್ಟರು. 1974ರಲ್ಲಿ ಅರಬ್ಬೀ ಸಮುದ್ರದ ಮುಂಬಯಿ ಹೈ ಕ್ಷೇತ್ರವು ಪತ್ತೆಯಾಗಿ, 1976ರಿಂದ ಎಣ್ಣೆ ಕೊಡತೊಡಗಿತು. ಇವೆಲ್ಲ ಈಗ ವಯಸ್ಸಾದ ಕ್ಷೇತ್ರಗಳು. ವಯಸ್ಸಾದ ಕ್ಷೇತ್ರವೆಂದರೆ ಬರಿದಾದ ಕ್ಷೇತ್ರವೆಂದು ಸಾಮಾನ್ಯರು ತಿಳಿಯುತ್ತಾರೆ. ವಾಸ್ತವವು ಹಾಗಿಲ್ಲ. ಲೋಕದ ತೈಲಕ್ಷೇತ್ರಗಳ ಸರಾಸರಿಯನ್ನು ನೋಡಿದರೆ, ನೆಲದೊಳಗಿನ ಎಣ್ಣೆಯಲ್ಲಿ ಮೇಲಕ್ಕೆ ಬರುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಉಳಿದೆರಡು ಪಾಲು ಬಂಡೆಯಲ್ಲಿಯೇ ಉಳಿಯುತ್ತದೆ.

ಎಣ್ಣೆಯು ಏಕೆ ಉಳಿಯುತ್ತದೆ?

ಭೂಗರ್ಭದಲ್ಲಿ ಎಣ್ಣೆಯ ಕೆರೆಗಳಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳುಳ್ಳ ಬಂಡೆಯೇ ಎಣ್ಣೆಯ ಪಾತ್ರೆ. ಬಾವಿ ತೋಡಿದೊಡನೆ ಒಳಗಿನ ಒತ್ತಡದಿಂದ ಕೆಲವು ಪಾಲು ತಾನಾಗಿ ಮೇಲೇರುತ್ತದೆ. ಒತ್ತಡವಿಳಿದ ಮೇಲೆ ಪಕ್ಕದ ಬಾವಿಯಿಂದ ನೀರನ್ನು ತಳ್ಳಿ ಇನ್ನಷ್ಟನ್ನು ಹೊರಡಿಸುತ್ತಾರೆ. ಆ ಬಳಿಕ ಹೊರಬರುವುದು ಬಹುಪಾಲು ನೀರೇ.

ಬಂಡೆಯು ಬಿರುಕುಬಿಟ್ಟದ್ದಾದರೆ ತೊಡಕು ಇಮ್ಮಡಿಯಾಗುತ್ತದೆ. ಬಹುಕಾಲ ಉಪಾಹಾರಗೃಹದ ಗಲ್ಲೆಯಲ್ಲಿ ಕುಳಿತಿದ್ದ ನಮಗೆ ಇದನ್ನು ತಿಳಿಸಲು ಒಂದು ಉಪಮಾನ ಹೊಳೆಯುತ್ತದೆ. ಒಂದು ಬಟ್ಟಲಲ್ಲಿ ಹತ್ತು ಉದ್ದಿನ ವಡೆಗಳನ್ನಿಟ್ಟು ಮೇಲೆ ಸಾಂಬಾರು ಸುರಿದು ಅರ್ಧ ಗಂಟೆ ಬಿಡಿರಿ. ಅನಂತರ ಬಟ್ಟಲನ್ನು ಬಾಗಿಸಿದರೆ, ವಡೆಗಳ ನಡುವಣ ಸಂದಿನಲ್ಲಿರುವ ಸಾಂಬಾರು ಸರ್ರನೆ ಹರಿದುಹೋಗುತ್ತದೆ. ವಡೆಗಳು ಹೀರಿಕೊಂಡ ಸಾಂಬಾರು ಹೊರಬರುವುದಿಲ್ಲ. ಬಿರುಕುಬಂಡೆಯ ಎಣ್ಣೆಯೂ ಹೀಗೆಯೇ. ಬಿರುಕುಗಳಲ್ಲಿರುವ ಎಣ್ಣೆ ಅಲ್ಪವಾದರೂ ವೇಗವಾಗಿ ಬರುತ್ತದೆ. ಬಂಡೆಯ ಒಡಲಲ್ಲಿರುವ ಎಣ್ಣೆ ಅಪಾರವಾದರೂ ಅಲ್ಲಿಯೇ ನಿಲ್ಲುತ್ತದೆ. ನೀರು ಸುರಿದು ಅದನ್ನು ತಳ್ಳುವೆವೆಂದರೆ, ನೀರು ಒಡಲನ್ನು ಹೊಗದೆ ಸಂದಿನಲ್ಲಿಯೇ ಓಡಿಹೋಗುತ್ತದೆ. ಜಿಡ್ಡುಗಟ್ಟಿದ ಬಾಣಲೆಯ ಮೇಲೆ ತಣ್ಣೀರು ಹೊಯ್ದರೆ ಅದು ಅಂಟದೆ ಜಾರಿಹೋಗುವುದನ್ನು ಪಾತ್ರೆ ತೊಳೆಯುವ ಹುಡುಗನೂ ಬಲ್ಲನು. ಎಣ್ಣೆಗೆ ಒಗ್ಗಿಹೋದ ಸುಣ್ಣಕಲ್ಲಿನ ಮುಂದೆ ನೀರಿನ ಗತಿಯೂ ಅದೇ.

ನಮ್ಮ ಕಾಲಡಿಯ ಕಲ್ಲು

ನಾಸಿಕ, ಸಂಭಾಜಿನಗರಗಳ ನಿವಾಸಿಗಳಿಗೆ ಬಿರುಕುಬಂಡೆಯ ಸ್ವಭಾವವನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಸೀಳುಗಳಿಂದ ಉಕ್ಕಿದ ಲಾವಾರಸವು ಪದರ ಮೇಲೆ ಪದರಾಗಿ ಹರಿದು, ಆರಿ, ಕರಿಕಲ್ಲಾಗಿ ದಖ್ಖನ್ ಪ್ರಸ್ಥಭೂಮಿಯಾಯಿತು. ಇಂದಿಗೂ ಇದು ಸುಮಾರು 5 ಲಕ್ಷ ಚದರ ಕಿಲೋಮೀಟರುಗಳನ್ನು ಆವರಿಸಿದೆ. ನಾಸಿಕದ ಪಾಂಡವಲೇಣಿಯ ಗುಹೆಗಳನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ. ರಾಷ್ಟ್ರಕೂಟರ ಒಂದನೆಯ ಕೃಷ್ಣನು ಎಲ್ಲೋರದಲ್ಲಿ ಕೈಲಾಸನಾಥನನ್ನು ಕಡೆಯಿಸಿದ್ದೂ ಈ ಕಲ್ಲಿನಲ್ಲಿಯೇ. ಪ್ರತಿಯೊಂದು ಪದರಿನ ನಡುಭಾಗ ಗಟ್ಟಿ, ಮೇಲ್ಭಾಗವು ಗುಳ್ಳೆಗುಳ್ಳೆ. ಆರುವಾಗ ಕುಗ್ಗಿದ್ದರಿಂದ ಉದ್ದುದ್ದವಾದ ಬಿರುಕುಗಳು. ನೀರು ಇರುವುದು ಶಿಥಿಲಗೊಂಡ ಪದರಿನಲ್ಲಿ, ಗುಳ್ಳೆಗಳಲ್ಲಿ, ಈ ಬಿರುಕುಗಳಲ್ಲಿ. ಆದುದರಿಂದಲೇ ಒಬ್ಬನ ಕೊಳವೆಬಾವಿಯಲ್ಲಿ ನೀರು ಉಕ್ಕುತ್ತಿರುವಾಗ ಐವತ್ತು ಅಡಿ ಆಚೆಗೆ ಕೊರೆಸಿದವನಿಗೆ ಬರೀ ಧೂಳು. ಅವನಿಗೆ ಬಿರುಕು ಸಿಕ್ಕಿತು, ಇವನಿಗೆ ಸಿಕ್ಕಲಿಲ್ಲ, ವ್ಯತ್ಯಾಸ ಇಷ್ಟೇ.

ಇದೇ ಕರಿಕಲ್ಲಿನಲ್ಲಿ ಎಣ್ಣೆಯೂ ಇದೆ ಎಂದರೆ ವಾಚಕರು ಆಶ್ಚರ್ಯಪಟ್ಟಾರು. ಗುಜರಾತಿನ ವಡೋದರೆಯ ಸಮೀಪದ ಪಾದರಾ ಕ್ಷೇತ್ರದಲ್ಲಿ ದಖ್ಖನ್ ಕರಿಕಲ್ಲಿನ ಬಿರುಕುಗಳಿಂದಲೇ ಎಣ್ಣೆಯನ್ನು ತೆಗೆಯಲಾಗಿದೆ. ಲಾವಾದಲ್ಲಿ ಎಣ್ಣೆ ಹುಟ್ಟುವುದಿಲ್ಲ. ಖಂಭಾತ ಪ್ರದೇಶದ ಜೇಡಿಶಿಲೆಗಳಲ್ಲಿ ಹುಟ್ಟಿದ ಎಣ್ಣೆಯು ಅಲ್ಲಿಂದ ವಲಸೆ ಹೊರಟು, ಕರಿಕಲ್ಲಿನ ಬಿರುಕುಗಳಲ್ಲಿ ಬಿಡಾರ ಮಾಡಿತು. ನಾಸಿಕದಲ್ಲಿಯೂ ಹಾಗೆ ಎಣ್ಣೆ ಸಿಕ್ಕೀತೆಂದು ಯಾರೂ ಭ್ರಮಿಸಬಾರದು; ಎಣ್ಣೆಯನ್ನು ಹೆತ್ತ ಶಿಲೆ ನೆರೆಯಲ್ಲಿಲ್ಲದೆ ಬಿರುಕುಗಳು ಎಷ್ಟಿದ್ದರೂ ಪ್ರಯೋಜನವಿಲ್ಲ. ಆದರೂ ಒಂದು ಪಾಠ ಇಲ್ಲಿದೆ. ನಮ್ಮ ಬಾವಿಗಳ ನೀರನ್ನು ಆಳುವ ನಿಯಮವೂ ಪಾದರಾದ ಎಣ್ಣೆಯನ್ನು ಆಳುವ ನಿಯಮವೂ ಒಂದೇ.

ವಾಯುವಿನ ಗುಣ

ಒಡಲಲ್ಲಿ ಉಳಿದ ಎಣ್ಣೆಯನ್ನು ಹೊರಡಿಸಲು ತಜ್ಞರು ಕಂಡುಕೊಂಡ ಉಪಾಯಗಳಲ್ಲಿ ಮುಖ್ಯವಾದುದು ಇಂಗಾಲಾಮ್ಲ ವಾಯು. ಈಗಿನ ಶಾಲಾಪುಸ್ತಕಗಳ ಇಂಗಾಲದ ಡೈ ಆಕ್ಸೈಡ್. ಇದು ನಮ್ಮ ವೃತ್ತಿಬಾಂಧವರಿಗೆ ಹಳೆಯ ಪರಿಚಯ. ರಾತ್ರಿ ರುಬ್ಬಿಟ್ಟ ಇಡ್ಲಿಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿ ಪಾತ್ರೆಯ ಅಂಚಿಗೆ ಬರುವುದು ಈ ವಾಯುವಿನಿಂದ. ಗೋಲಿಸೋಡಾದ ಗೋಲಿಯನ್ನು ಒತ್ತಿದಾಗ ಚುಸ್ಸೆನ್ನುವುದೂ ಇದೇ. ಒತ್ತಡದಲ್ಲಿ ದ್ರವದೊಳಗೆ ಕರಗುವುದು, ಒತ್ತಡ ತೆಗೆದೊಡನೆ ಹೊರನುಗ್ಗುವುದು ಇದರ ಸ್ವಭಾವ.

ಉಷ್ಣತೆಯು 31 ಡಿಗ್ರಿ ಸೆಲ್ಸಿಯಸ್ಸಿಗಿಂತಲೂ, ಒತ್ತಡವು ವಾತಾವರಣದ ಒತ್ತಡದ ಸುಮಾರು 73 ಪಟ್ಟಿಗಿಂತಲೂ ಮೇಲೇರಿದಾಗ, ಈ ವಾಯುವು ವಾಯುವೂ ಅಲ್ಲದ, ದ್ರವವೂ ಅಲ್ಲದ ಒಂದು ನಡುಸ್ಥಿತಿಯನ್ನು ಹೊಂದುತ್ತದೆ. ನೆಲದಡಿ ಒಂದು ಕಿಲೋಮೀಟರಿಗಿಂತ ಆಳದಲ್ಲಿ ಈ ಸ್ಥಿತಿ ಸಹಜವಾಗಿ ದೊರೆಯುತ್ತದೆ. ಆಗ ಅದು ಎಣ್ಣೆಯಲ್ಲಿ ಕರಗಿ, ಎಣ್ಣೆಯನ್ನು ಇಡ್ಲಿಹಿಟ್ಟಿನಂತೆ ಉಬ್ಬಿಸುತ್ತದೆ, ಗಟ್ಟಿಯಾದುದನ್ನು ತೆಳುವಾಗಿಸುತ್ತದೆ. ಒತ್ತಡ ಸಾಕಷ್ಟಿದ್ದು ಎಣ್ಣೆ ಹಗುರವಾಗಿದ್ದರೆ, ಎರಡೂ ಬೆರೆತು ಒಂದೇ ದ್ರವದಂತಾಗುತ್ತವೆ. ಉಬ್ಬಿದ ಎಣ್ಣೆಗೆ ರಂಧ್ರದಲ್ಲಿ ಸ್ಥಳ ಸಾಲದು. ಅದು ಹೊರಗೆ ಬಿರುಕಿನತ್ತ ಬರಲೇಬೇಕು. ಬಂಡೆಯ ಒಡಲು ಒಲ್ಲೆನೆಂದು ಹಿಡಿದುಕೊಂಡ ಎಣ್ಣೆಯನ್ನು ವಾಯುವು ಈ ಪ್ರಕಾರ ಬಿಡಿಸುತ್ತದೆ. ದೊಡ್ಡ ಪ್ರಮಾಣದಲ್ಲಿ ಇದನ್ನು ಮೊದಲು ಕೈಗೊಂಡದ್ದು 1972ರಲ್ಲಿ, ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ.

ಸುಲಭದ ದಾರಿಯೇ ಕಳ್ಳದಾರಿ

ಹಾಗಾದರೆ ಬಿರುಕುಬಂಡೆಯಲ್ಲಿ ವಾಯುವನ್ನು ತುಂಬಿದರೆ ಕೆಲಸ ಮುಗಿಯಿತೇ? ಇಲ್ಲ. ಈ ವಾಯುವು ಒತ್ತಡದಲ್ಲಿ ದ್ರವದಂತೆ ಭಾರವಾದರೂ ಹರಿಯುವುದರಲ್ಲಿ ಅನಿಲದಷ್ಟೇ ಚುರುಕು. ಬಿರುಕು ಸಿಕ್ಕಿತೆಂದರೆ ಒಡಲನ್ನು ತಿರುಗಿಯೂ ನೋಡದೆ ಈ ಬಾವಿಯಿಂದ ಆ ಬಾವಿಗೆ ಓಡಿಹೋಗುತ್ತದೆ. ಹಣ ತೆತ್ತು ತಂದ ವಾಯು ಎಣ್ಣೆಯನ್ನು ಮುಟ್ಟದೆಯೇ ಹೊರಬಂದರೆ ಲಾಭವೆಲ್ಲಿಯದು? ಬಿರುಕಿಲ್ಲದೆ ಎಣ್ಣೆ ಬಾವಿಗೆ ಬಾರದು. ಬಿರುಕಿದ್ದರೆ ವಾಯು ಬಂಡೆಯಲ್ಲಿ ನಿಲ್ಲದು. ಈ ವಿದ್ಯೆಯ ಸಮಸ್ತ ಕೌಶಲವೂ ವಾಯುವನ್ನು ಕಾಯಿಸುವುದರಲ್ಲಿದೆ.

ತುರ್ಕಿಯ ಬಾತಿ ರಾಮಾನ್ ಕ್ಷೇತ್ರದ ಇತಿಹಾಸವು ಇದಕ್ಕೆ ಉತ್ತಮ ನಿದರ್ಶನ. 1961ರಲ್ಲಿ ಪತ್ತೆಯಾದ ಈ ಕ್ಷೇತ್ರದಲ್ಲಿ ಸುಮಾರು 185 ಕೋಟಿ ಪೀಪಾಯಿ ಎಣ್ಣೆ ಇದೆಯೆಂದು ಅಂದಾಜು. ಆದರೆ ಎಣ್ಣೆ ಕಾಕಂಬಿಯಂತೆ ಗಟ್ಟಿ, ಬಂಡೆ ಬಿರುಕುಬಿಟ್ಟ ಸುಣ್ಣಕಲ್ಲು. ಸಹಜ ಕ್ರಮದಿಂದ ನೂರಕ್ಕೆ ಎರಡು ಪಾಲೂ ಬರಲಿಲ್ಲ. 1986ರಲ್ಲಿ, ಸಮೀಪದ ದೋದಾನ್ ಎಂಬಲ್ಲಿ ನೆಲದೊಳಗೆ ಸಹಜವಾಗಿ ದೊರೆಯುವ ಇಂಗಾಲಾಮ್ಲವನ್ನು ಕೊಳವೆಯಲ್ಲಿ ತಂದು ತುಂಬತೊಡಗಿದರು. ಮೊದಲು ಕೈಗೊಂಡ ಕ್ರಮವೆಂದರೆ, ಬಾವಿಯೊಳಕ್ಕೆ ವಾಯುವನ್ನು ತುಂಬಿ, ಬಾವಿಯನ್ನು ಮುಚ್ಚಿ, ವಾಯು ಒಡಲಿನೊಳಗೆ ಇಳಿಯುವಷ್ಟು ಕಾಲ ಬಿಟ್ಟು, ಅದೇ ಬಾವಿಯಿಂದ ಎಣ್ಣೆ ತೆಗೆಯುವುದು. ಬಳಿಕ ಕೆಲವು ಬಾವಿಗಳಲ್ಲಿ ತುಂಬಿ ಬೇರೆ ಬಾವಿಗಳಲ್ಲಿ ಎಣ್ಣೆ ಪಡೆಯುವ ಕ್ರಮಕ್ಕೆ ಬಂದರು. ಎಣ್ಣೆ ಇಲ್ಲಿ ವಾಯುವಿನೊಡನೆ ಪೂರ್ತಿಯಾಗಿ ಬೆರೆಯಲಾರದು. ಆದರೂ ಉಬ್ಬಿ ತೆಳುವಾಗಿ, ಉತ್ಪತ್ತಿಯು ಹಲವು ಪಟ್ಟು ಏರಿತು. ಕ್ರಮೇಣ ವಾಯುವು ದೊಡ್ಡ ಬಿರುಕುಗಳಲ್ಲಿ ಓಡಿಹೋಗುವ ಚಟ ಹಿಡಿಯಿತು. 2000ರ ದಶಕದಲ್ಲಿ ಆ ಬಿರುಕುಗಳೊಳಗೆ ಲೋಳೆಯಂತಹ ದ್ರಾವಣವನ್ನು ಇಳಿಸಿ, ಅದು ಅಲ್ಲಿಯೇ ಹೆಪ್ಪುಗಟ್ಟಿ ದಾರಿಯನ್ನು ಮುಚ್ಚುವಂತೆ ಮಾಡಿ ನೋಡಿದರು. ದಾರಿ ಮುಚ್ಚಿದ ವಾಯುವು ಒಡಲಿನತ್ತ ತಿರುಗಬೇಕಾಯಿತು.

ಕೆನಡಾದ ವೇಬರ್ನ್ ಇನ್ನೊಂದು ದೃಷ್ಟಾಂತ. 1954ರಲ್ಲಿ ಪತ್ತೆಯಾದ ಈ ಸುಣ್ಣಕಲ್ಲಿನ ಕ್ಷೇತ್ರದಲ್ಲಿ ಎರಡು ಪದರುಗಳಿವೆ. ಕೆಳಗಿನದು ಬಿರುಕುಗಳಿಂದ ಕೂಡಿ ನೀರಿಗೆ ಸುಲಭವಾಗಿ ದಾರಿಕೊಟ್ಟಿತು. ಮೇಲಿನದು ಬಿಗಿಯಾದುದರಿಂದ ಎಣ್ಣೆ ಅಲ್ಲಿಯೇ ಉಳಿಯಿತು. ಆ ಉಳಿದ ಎಣ್ಣೆಯನ್ನು ಗುರಿಯಿಟ್ಟು, 2000ರಿಂದ ಇಲ್ಲಿ ವಾಯುವನ್ನು ತುಂಬಲಾಗುತ್ತಿದೆ. ವಿಶೇಷವೆಂದರೆ ಆ ವಾಯು ನೆಲದಿಂದ ಅಗೆದದ್ದಲ್ಲ. ಅಮೆರಿಕದ ಉತ್ತರ ಡಕೋಟದಲ್ಲಿ ಕಲ್ಲಿದ್ದಲಿನಿಂದ ಅನಿಲ ತಯಾರಿಸುವ ಕಾರ್ಖಾನೆಯು ಆಕಾಶಕ್ಕೆ ಬಿಡುತ್ತಿದ್ದ ವಾಯುವನ್ನೇ ಹಿಡಿದು, ಸುಮಾರು 320 ಕಿಲೋಮೀಟರು ಕೊಳವೆಯಲ್ಲಿ ಗಡಿ ದಾಟಿಸಿ ತಂದರು. ಒಬ್ಬನ ಕಸ ಇನ್ನೊಬ್ಬನ ಸರಕಾಯಿತು.

ನಮ್ಮಲ್ಲಿ ವಾಯು ಎಲ್ಲಿದೆ?

ನಮ್ಮ ಎರಡು ಜಿಲ್ಲೆಗಳಲ್ಲಿ ವಾಯುವಿಗೆ ಬರವಿಲ್ಲ. ನಾಸಿಕದ ಏಕಲಹರೆಯಲ್ಲಿ ಕಲ್ಲಿದ್ದಲು ಸುಟ್ಟು ವಿದ್ಯುತ್ತು ಉತ್ಪಾದಿಸುವ 210 ಮೆಗಾವಾಟಿನ ಘಟಕಗಳಿವೆ. ಕಲ್ಲಿದ್ದಲಿನ ಒಂದು ಯೂನಿಟ್ ವಿದ್ಯುತ್ತಿಗೆ ಹತ್ತಿರ ಹತ್ತಿರ ಒಂದು ಕಿಲೋ ಇಂಗಾಲಾಮ್ಲವೆಂದು ಲೆಕ್ಕ ಹಿಡಿದರೆ, ಅಂತಹ ಒಂದೇ ಘಟಕವು ಪೂರ್ಣಶಕ್ತಿಯಿಂದ ನಡೆದ ದಿನ ಸುಮಾರು 5 ಸಾವಿರ ಟನ್ನು ವಾಯು ಹೊಗೆಗೊಳವೆಯಿಂದ ಹೊರಬೀಳುತ್ತದೆ. ಆದರೆ ಹೊಗೆಯಲ್ಲಿ ಈ ವಾಯುವಿನ ಪಾಲು ಏಳೆಂಟರಲ್ಲೊಂದು ಮಾತ್ರ. ಮಿಕ್ಕದ್ದು ಮುಖ್ಯವಾಗಿ ಸಾರಜನಕ. ಅದನ್ನು ಬೇರ್ಪಡಿಸಲು ರಾಸಾಯನಿಕ ದ್ರಾವಣ, ಉಗಿ, ವಿದ್ಯುತ್ತು ಎಲ್ಲವೂ ಬೇಕು; ಖರ್ಚಿನ ಬಹುಭಾಗ ಅಲ್ಲಿಯೇ. ಸಂಭಾಜಿನಗರದ ಸುತ್ತಣ ಬಿಯರ್ ಕಾರ್ಖಾನೆಗಳ ಮಾತು ಬೇರೆ. ಹುದುಗುವಾಗ ಒಂದು ಕಿಲೋ ಮದ್ಯಸಾರದೊಂದಿಗೆ ಹೆಚ್ಚುಕಡಿಮೆ ಒಂದು ಕಿಲೋ ಇಂಗಾಲಾಮ್ಲ ಹುಟ್ಟುತ್ತದೆ, ಅದೂ ಬಹುತೇಕ ಶುದ್ಧವಾಗಿ. ಅಮೆರಿಕದ ಕಾನ್ಸಾಸಿನಲ್ಲಿ ಜೋಳದಿಂದ ಮದ್ಯಸಾರ ತೆಗೆಯುವ ಕಾರ್ಖಾನೆಗಳ ವಾಯುವನ್ನು ತೈಲಬಾವಿಗಳಿಗೆ ಕಳುಹಿಸಿದ್ದುಂಟು. ಆದರೆ ನಮ್ಮ ಕಾರ್ಖಾನೆಗಳಿಗೂ ಗುಜರಾತಿನ ಬಾವಿಗಳಿಗೂ ನಡುವೆ ನೂರಾರು ಕಿಲೋಮೀಟರು ಘಟ್ಟವೂ ಕಾಡೂ ಇವೆ. ಸಮೀಪದ ವಾಯುವನ್ನು ಸಮೀಪದ ಬಾವಿಗೆ ಕೊಡುವುದೇ ವಿವೇಕ.

ಆ ವಿವೇಕದ ಯೋಜನೆಯೊಂದು ಗುಜರಾತಿನಲ್ಲಿ ಮೊಳೆತಿದೆ. ವಡೋದರೆಯ ಕೊಯಲಿ ಶುದ್ಧೀಕರಣಾಗಾರದ ಇಂಗಾಲಾಮ್ಲವನ್ನು ಭರೂಚ ಜಿಲ್ಲೆಯ ಗಂಧಾರ ಕ್ಷೇತ್ರದಲ್ಲಿ ತುಂಬುವ ಸಲುವಾಗಿ, 2019ರ ಜುಲೈಯಲ್ಲಿ ಇಂಡಿಯನ್ ಆಯಿಲ್ ಮತ್ತು ತೈಲ ಆಯೋಗದ ಈಗಿನ ನಿಗಮಗಳು ಒಪ್ಪಂದಕ್ಕೆ ರುಜು ಹಾಕಿದವು. ಗಂಧಾರದ ಬಂಡೆ ಮರಳುಗಲ್ಲು. ಪಾದರಾದಂತೆ ಬಿರುಕಿನ ಕರಿಕಲ್ಲಲ್ಲ. ಮೊದಲು ಸುಲಭವಾದ ಬಂಡೆಯಲ್ಲಿ ಕೈ ಪಳಗಿಸಿ, ಅನಂತರ ಬಿರುಕುಬಂಡೆಗೆ ಕೈಹಾಕುವುದು ಸರಿಯಾದ ಕ್ರಮವೆಂದೇ ನಾವು ಬಗೆಯುತ್ತೇವೆ.

ಲೆಕ್ಕದ ಪುಸ್ತಕ

ಕೆಲವರು ಇದನ್ನು ಪರಿಸರರಕ್ಷಣೆಯೆಂದು ಹೊಗಳುತ್ತಾರೆ. ಕೆಲವರು ಎಣ್ಣೆ ಹೆಚ್ಚಿಸುವ ನೆಪವೆಂದು ತೆಗಳುತ್ತಾರೆ. ವ್ಯಾಪಾರಿಯು ಹೊಗಳಿಕೆ ತೆಗಳಿಕೆಗಳನ್ನು ಬದಿಗಿಟ್ಟು ಜಮೆ ಖರ್ಚುಗಳನ್ನು ನೋಡತಕ್ಕದ್ದು. ಹೀಗೆ ತೆಗೆದ ಪ್ರತಿ ಪೀಪಾಯಿ ಎಣ್ಣೆಗೆ ಅಮೆರಿಕದ ಅನುಭವದಂತೆ ಸುಮಾರು 300ರಿಂದ 600 ಕಿಲೋ ವಾಯುವನ್ನು ಒಳಗೆ ತುಂಬಬೇಕಾಗುತ್ತದೆ. ಒಂದು ಪೀಪಾಯಿ ಎಣ್ಣೆ ಉರಿದಾಗ ಸುಮಾರು 430 ಕಿಲೋ ವಾಯು ಹೊರಡುತ್ತದೆ. ಆದಕಾರಣ ಲೆಕ್ಕವು ಸರಿದೂಗುವುದೂ ದೂಗದಿರುವುದೂ ಎರಡು ಸಂಗತಿಗಳನ್ನು ಅವಲಂಬಿಸಿದೆ. ಒಂದು, ತುಂಬಿದ ವಾಯುವು ಹೊಗೆಗೊಳವೆಯಿಂದ ಹಿಡಿದದ್ದೋ, ಅಥವಾ ನೆಲದೊಳಗೆ ಸುಮ್ಮನಿದ್ದುದನ್ನು ಅಗೆದು ತಂದದ್ದೋ ಎಂಬುದು. ಎರಡು, ಎಣ್ಣೆಯೊಡನೆ ಮೇಲೆ ಬಂದ ವಾಯುವನ್ನು ಪುನಃ ಒಳಗೆ ಕಳುಹಿಸುತ್ತಾರೋ, ಗಾಳಿಗೆ ಬಿಡುತ್ತಾರೋ ಎಂಬುದು. ಬಿರುಕುಬಂಡೆಯಲ್ಲಿ ವಾಯು ಬೇಗನೆ ಮೇಲೆ ಬರುವುದರಿಂದ ಈ ಎರಡನೆಯ ಪ್ರಶ್ನೆಯೇ ಪ್ರಧಾನವಾದುದು.

ಬಾವಿಯ ನೀರಿನ ಪ್ರಶ್ನೆ

ಇದೆಲ್ಲ ಗುಜರಾತಿನ ಮಾತಾಯಿತು, ನಮಗೇನು ಎಂದು ಸಂಭಾಜಿನಗರದ ವಾಚಕರು ಕೇಳಬಹುದು. ಅವರಿಗೂ ಇದರಲ್ಲಿ ಪಾಲಿದೆ. ಎಣ್ಣೆಯಿಲ್ಲದ ಕರಿಕಲ್ಲಿನಲ್ಲಿಯೂ ಇಂಗಾಲಾಮ್ಲವನ್ನು ಹೂಳಬಹುದೆಂದು ಈಗ ಸಿದ್ಧವಾಗಿದೆ. ಐಸ್‌ಲೆಂಡಿನಲ್ಲಿ 2012ರಲ್ಲಿ ವಾಯುವನ್ನು ನೀರಿನಲ್ಲಿ ಕರಗಿಸಿ, ಸೋಡಾ ಮಾಡಿ, ಕರಿಕಲ್ಲಿನೊಳಕ್ಕೆ ಇಳಿಸಿದರು. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಪಾಲು ಎರಡು ವರ್ಷಗಳೊಳಗೆ ಕಲ್ಲಾಗಿ ಮಾರ್ಪಟ್ಟಿತೆಂದು 2016ರಲ್ಲಿ ಪ್ರಕಟವಾಯಿತು. ಅಮೆರಿಕದ ವಲ್ಲೂಲದಲ್ಲಿ 2013ರಲ್ಲಿ ಸುಮಾರು ಸಾವಿರ ಟನ್ನು ವಾಯುವನ್ನು ಕರಿಕಲ್ಲಿಗೆ ಇಳಿಸಿ ಪರೀಕ್ಷಿಸಿದರು. ಕರಿಕಲ್ಲಿನ ಸುಣ್ಣದ ಅಂಶವು ವಾಯುವಿನೊಡನೆ ಕೂಡಿ ಸುಣ್ಣದ ಹರಳಾಗುತ್ತದೆ. ನಿಸರ್ಗವು ಇದನ್ನು ನಮ್ಮ ನೆಲದಲ್ಲಿ ಬಹುಕಾಲದಿಂದ ಮಾಡುತ್ತಲೇ ಬಂದಿದೆ. ನಾಸಿಕದ ಸಮೀಪ ಸಿನ್ನರದ ಗಾರಗೋಟಿ ಖನಿಜ ಸಂಗ್ರಹಾಲಯಕ್ಕೆ ಹೋದವರು, ಲಾವಾದ ಗುಳ್ಳೆಗಳಲ್ಲಿ ಬೆಳೆದ ಝಿಯೋಲೈಟು ಹರಳುಗಳ ಜೊತೆಯಲ್ಲಿ ಕ್ಯಾಲ್ಸೈಟು ಹರಳುಗಳನ್ನೂ ನೋಡಬಹುದು. ಅವುಗಳೊಳಗೆ ಕಲ್ಲಾಗಿ ಕುಳಿತಿರುವುದು ಇದೇ ಇಂಗಾಲಾಮ್ಲ.

ಆದುದರಿಂದ ದಖ್ಖನ್ ಕರಿಕಲ್ಲಿನ ಮೇಲೆ ವಿಜ್ಞಾನಿಗಳ ಕಣ್ಣು ಬಿದ್ದಿರುವುದು ಸಹಜ. ಆದರೆ ಮರಾಠವಾಡದಂತಹ ಬರಪೀಡಿತ ಸೀಮೆಯಲ್ಲಿ ಈ ಕಲ್ಲಿನ ಬಿರುಕುಗಳೇ ರೈತನ ನೀರಿನ ಭಂಡಾರ. ಮೇಲಿನ ಕೆಲವು ನೂರು ಅಡಿಗಳಲ್ಲಿ ಬಾವಿಗಳಿವೆ; ವಾಯುವನ್ನು ಹೂಳತಕ್ಕದ್ದು ಅದಕ್ಕಿಂತ ಬಹು ಆಳದಲ್ಲಿ. ನಡುವೆ ಗಟ್ಟಿಯಾದ ಪದರು ಮುಚ್ಚಳದಂತೆ ಇದೆಯೇ, ಇದ್ದರೂ ಅದನ್ನು ಭೇದಿಸುವ ಬಿರುಕುಗಳಿವೆಯೇ ಎಂಬುದು ಪ್ರತಿಯೊಂದು ಸ್ಥಳದಲ್ಲಿಯೂ ಬೇರೆಬೇರೆಯಾಗಿ ಪರಿಶೋಧಿಸಬೇಕಾದ ವಿಷಯ. ಒಂದೆಡೆಯ ಯಶಸ್ಸು ಇನ್ನೊಂದೆಡೆಗೆ ಪ್ರಮಾಣಪತ್ರವಾಗದು.

ಈ ವಿಷಯದಲ್ಲಿ ವೇಬರ್ನಿನಿಂದ ಇನ್ನೊಂದು ಪಾಠವಿದೆ. ತಮ್ಮ ಹೊಲದಲ್ಲಿ ವಾಯು ಸೋರುತ್ತಿದೆಯೆಂದು 2011ರಲ್ಲಿ ಅಲ್ಲಿನ ರೈತ ಕುಟುಂಬವೊಂದು ದೂರಿತು. ಸ್ವತಂತ್ರ ಪರೀಕ್ಷಕರು ಮಣ್ಣಿನ ವಾಯುವನ್ನು ಪರೀಕ್ಷಿಸಿ, ಅದು ಮಣ್ಣಿನ ಜೀವಾಣುಗಳಿಂದಲೂ ಬೇರುಗಳಿಂದಲೂ ಹುಟ್ಟಿದ ಸಹಜ ವಾಯುವೆಂದು ನಿರ್ಣಯಿಸಿದರು. ದೂರು ನಿಲ್ಲಲಿಲ್ಲ ನಿಜ. ಆದರೆ ದೂರನ್ನು ಆಲಿಸಿ ಪರೀಕ್ಷಿಸುವ ವ್ಯವಸ್ಥೆ ಅಲ್ಲಿತ್ತು. ಅದಕ್ಕೆ ಪ್ರತಿಯಾಗಿ, 2020ರ ಫೆಬ್ರುವರಿಯಲ್ಲಿ ಅಮೆರಿಕದ ಮಿಸಿಸಿಪ್ಪಿಯ ಸಟಾರ್ಷಿಯ ಎಂಬ ಊರಿನ ಸಮೀಪ ಇಂಗಾಲಾಮ್ಲದ ಕೊಳವೆ ಒಡೆಯಿತು. ಈ ವಾಯು ಗಾಳಿಗಿಂತ ಭಾರವಾದುದು. ತಗ್ಗಿನಲ್ಲಿ ಕವಿದು ಉಸಿರು ಕಟ್ಟಿಸುತ್ತದೆ. ಸುಮಾರು ಇನ್ನೂರು ಜನರನ್ನು ಮನೆ ಬಿಡಿಸಬೇಕಾಯಿತು. ನಲವತ್ತಕ್ಕಿಂತ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸೋಡಾಸೀಸೆಯಲ್ಲಿ ನಿರುಪದ್ರವಿಯಾದುದು ದೊಡ್ಡ ಕೊಳವೆಯಲ್ಲಿ ಹಾಗಿರಲಾರದು.

ಹೀಗಿರುವಲ್ಲಿ ನಮ್ಮ ವಾಚಕರು ವಿಜ್ಞಾನಕ್ಕೆ ಅಂಜಿ ಬೇಡವೆನ್ನಬಾರದು, ಭರವಸೆಗೆ ಮರುಳಾಗಿ ಸುಮ್ಮನೆ ತಲೆಯಾಡಿಸಲೂಬಾರದು. ಯಾವುದೇ ಊರಿನ ಬಂಡೆಯೊಳಗೆ ವಾಯುವನ್ನು ಇಳಿಸುವ ಮುನ್ನ ಸುತ್ತಣ ಬಾವಿಗಳ ನೀರನ್ನೂ ಮಣ್ಣಿನ ವಾಯುವನ್ನೂ ಅಳೆದು, ಆ ಅಂಕೆಗಳನ್ನು ಊರವರ ಭಾಷೆಯಲ್ಲಿ ಗ್ರಾಮಪಂಚಾಯತಿಯ ಹಲಗೆಯ ಮೇಲೆ ಹಚ್ಚಬೇಕು. ಮೊದಲಿನ ಅಳತೆ ಇಲ್ಲದಿದ್ದರೆ, ಮುಂದೆ ನೀರು ಕೆಟ್ಟಿತೆಂದು ರೈತನು ಹೇಳಿದರೂ ಸಾಬೀತು ಮಾಡಲಾರನು, ಕೆಟ್ಟಿಲ್ಲವೆಂದು ಯೋಜನೆಯವರು ಹೇಳಿದರೂ ನಂಬಿಸಲಾರರು. ತುಂಬಿದ ವಾಯುವೆಷ್ಟು, ಹಿಂದೆ ಬಂದದ್ದೆಷ್ಟು ಎಂಬ ಲೆಕ್ಕವನ್ನು ವರ್ಷವರ್ಷವೂ ಪ್ರಕಟಿಸಬೇಕು. ಬಾವಿಗಳನ್ನು ಮುಚ್ಚಿ ಯಂತ್ರಗಳು ಹೊರಟುಹೋದ ಬಳಿಕ ಹೊಣೆ ಯಾರದೆಂಬುದನ್ನು ಮೊದಲೇ ಬರೆದಿಡಬೇಕು.

ಈ ವಿದ್ಯೆಯಲ್ಲಿ ಪರಿಶ್ರಮಿಸಲು ನಮ್ಮ ತರುಣರಿಗೆ ಅವಕಾಶವೂ ಒದಗಿದೆ. ಇಂಗಾಲಾಮ್ಲವನ್ನು ಹಿಡಿದು ಬಳಸುವ ಸಂಶೋಧನೆಗಾಗಿ ಎರಡು ರಾಷ್ಟ್ರೀಯ ಕೇಂದ್ರಗಳನ್ನು ಕೇಂದ್ರ ಸರಕಾರವು 2022ರಲ್ಲಿ ಘೋಷಿಸಿತು. ಒಂದು ಮುಂಬಯಿಯ ಐಐಟಿಯಲ್ಲಿ, ಇನ್ನೊಂದು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ. ಹೊಟ್ಟೆಪಾಡಿಗೆ ಬಂದ ಊರಿಗೂ ಹುಟ್ಟಿದ ನಾಡಿಗೂ ಒಂದೊಂದು ಸಿಕ್ಕಿದಂತಾಯಿತು. ನಾಸಿಕದಲ್ಲಿಯೋ ಸಂಭಾಜಿನಗರದಲ್ಲಿಯೋ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಭೂಗರ್ಭಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಆರಿಸಿಕೊಳ್ಳುವುದಾದರೆ, ತಾಯಿತಂದೆಗಳು ಅಡ್ಡಬಾರದಿರಲಿ. ನಾಳೆ ಬಂಡೆಯನ್ನು ಅಳೆಯುವವರು ಬಾವಿಯ ನೀರಿನ ಬೆಲೆಯನ್ನು ಬಲ್ಲ ಮನೆಗಳಿಂದ ಬಂದವರಾದರೆ, ಎಣ್ಣೆಯೊಡನೆ ನೀರೂ ಉಳಿದೀತು.